ಟೆಂಡರ್ ನಮ್ಮದು, ಬಿಲ್ಲು ಯಾವತ್ತು?

ಉದ್ದದ ಪೋಸ್ಟು. ಪುರುಸೊತ್ತು ಮಾಡಿಕೊಂಡು ಓದಿ.

ಗುತ್ತಿಗೆಯಲ್ಲಿ ಮೀಸಲಾತಿ ಬಗ್ಗೆ ನಾವು ಎಷ್ಟು ಮಾತಾಡಿದ್ದೇವೆ! 50 ಲಕ್ಷದವರೆಗಿನ ಸರ್ಕಾರಿ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇ. 17.15, ಪರಿಶಿಷ್ಟ ಪಂಗಡಕ್ಕೆ ಶೇ. 6.95 ಅಂತ ಕೆಟಿಪಿಪಿ ಕಾಯ್ದೆಗೆ ತಿದ್ದುಪಡಿ ಬಂದಾಗ ಸಂಭ್ರಮ ಪಟ್ಟೆವು. 2023ರಲ್ಲಿ ಆ ಮಿತಿ 1 ಕೋಟಿಗೆ ಏರಿತು. 2025ರ ಮಾರ್ಚಿನಲ್ಲಿ 2 ಕೋಟಿಗೆ ಏರಿಸೋ ಮಸೂದೆ ವಿಧಾನಮಂಡಲದಲ್ಲಿ ಪಾಸಾಯಿತು, ರಾಜ್ಯಪಾಲರು ಅದನ್ನು ರಾಷ್ಟ್ರಪತಿಗಳ ಕಡೆ ದಾಟಿಸಿದರು. ಅದೇ ಮಸೂದೆಯಲ್ಲಿದ್ದ 2ಬಿ ಪ್ರವರ್ಗದ ಶೇ. 4ರ ಬಗ್ಗೆ ಟಿವಿಯವರು ವಾರಗಟ್ಟಲೆ ಕಿರುಚಿದರು. ಎಷ್ಟು ಪರ್ಸೆಂಟು, ಯಾವ ಮಿತಿ, ಯಾರಿಗೆ ಕೊಡಬೇಕು, ಯಾರಿಗೆ ಬೇಡ ಅನ್ನೋದೆಲ್ಲ ಚರ್ಚೆ ಆಯ್ತು. ಒಂದು ಪ್ರಶ್ನೆ ಮಾತ್ರ ಯಾರೂ ಕೇಳಲಿಲ್ಲ. ಕೆಲಸ ಮುಗಿದ ಮೇಲೆ ದುಡ್ಡು ಯಾವತ್ತು ಬರುತ್ತೆ?

ಇದು ಅಕೌಂಟ್ಸ್ ಸೆಕ್ಷನ್ನಿನ ಸಣ್ಣ ವಿಷಯ ಅಂತ ನಮ್ಮ ಚಳವಳಿಯವರೂ ಬಿಟ್ಟುಬಿಟ್ಟಿದ್ದೇವೆ. ಆದರೆ ಸರ್ಕಾರದ ಜೊತೆ ವ್ಯವಹಾರ ಮಾಡೋನಿಗೆ ಜೆಸಿಬಿ, ಲೈಸೆನ್ಸ್, ಇಎಂಡಿ ಎಲ್ಲಕ್ಕಿಂತ ಮೊದಲು ಬೇಕಾಗಿರೋದು ಕಾಯೋ ತಾಕತ್ತು. ಬಿಲ್ಲು ಆರು ತಿಂಗಳು, ವರ್ಷ, ಎರಡು ವರ್ಷ ನಿಂತರೂ ಮನೆ ನಡೆಸೋ ತಾಕತ್ತು. ಅದು ಯಾರ ಮನೆಯಲ್ಲಿದೆ ಅಂತ ನಿಮಗೆ ಗೊತ್ತು. ಟೆಂಡರನ್ನು ಮೀಸಲಾತಿಯಲ್ಲಿ ಕೊಟ್ಟು ಬಿಲ್ಲನ್ನು ಜಾತಿಗೆ ಬಿಟ್ಟಿದ್ದಾರೆ ಅನ್ನೋದು ನನ್ನ ವಾದ. ಇದಕ್ಕೆ ಒಂದು ಇತಿಹಾಸ ಇದೆ.

ಆ ಇತಿಹಾಸ ಶುರುವಾಗೋದು ಬಿಟ್ಟಿ ಚಾಕರಿಯಿಂದ.

ಹಳೇ ಮೈಸೂರಿನ ಕಡೆ ತೋಟಿ, ತಳವಾರ, ನೀರಗಂಟಿ. ಬೆಳಗಾವಿ, ಬಿಜಾಪುರ, ಧಾರವಾಡದ ಕಡೆ, ಅಂದರೆ ಆಗಿನ ಮುಂಬಯಿ ಪ್ರಾಂತ್ಯದಲ್ಲಿ, ವತನದಾರ ಹೊಲೆಯರು, ಮಹಾರರು. ಕಂದಾಯದ ದುಡ್ಡಿನ ಜೊತೆ ತಾಲ್ಲೂಕಿಗೆ ನಡೆಯೋದು, ಟಪಾಲು ಒಯ್ಯೋದು, ಸಾಹೇಬರು ಕ್ಯಾಂಪಿಗೆ ಬಂದರೆ ಸಾಮಾನು ಹೊರೋದು, ರಾತ್ರಿ ಊರು ಕಾಯೋದು. ಕೆಲಸ ಮಾಡಿಸಿಕೊಂಡಿದ್ದು ಸರ್ಕಾರ. ಸಂಬಳ? ಒಂದು ತುಂಡು ವತನ ಭೂಮಿ, ಪುಡಿಗಾಸು, ಉಳಿದದ್ದಕ್ಕೆ ಊರವರ ಬಾಗಿಲು. ಸುಗ್ಗಿಯಲ್ಲಿ ರೈತರು ಕೊಡೋ ಆಯ, ಮರಾಠಿಯಲ್ಲಿ ಬಲುತೆ. ಊರವರಿಗೆ ಸಿಟ್ಟು ಬಂದರೆ ಆಯ ಬಂದ್.

ಇದನ್ನು ಇವತ್ತಿನ ಭಾಷೆಯಲ್ಲಿ ಹೇಳಿ ನೋಡಿ: ಸೇವೆ ಪಡೆದ ಇಲಾಖೆ ಒಂದು, ಬಿಲ್ಲು ಕೊಡಬೇಕಾದವನು ಇನ್ನೊಬ್ಬ, ಕೊಡದಿದ್ದರೆ ಕೇಳೋಕೆ ಜಾಗ ಇಲ್ಲ, ಕೆಲಸ ಮಾತ್ರ ನಿಲ್ಲಿಸೋ ಹಾಗಿಲ್ಲ.

1928ರ ಮಾರ್ಚ್ 19ರಂದು ಬಾಬಾಸಾಹೇಬರು ಮುಂಬಯಿ ಶಾಸನ ಪರಿಷತ್ತಿನಲ್ಲಿ ಇದರ ಮೇಲೇ ಕೈ ಹಾಕಿದರು. 1874ರ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆಗೆ ತಿದ್ದುಪಡಿ ಮಸೂದೆ ತಂದರು. ನಾವು ಮಹಾಡ್ ಕೆರೆ ನೆನಪಿಟ್ಟುಕೊಂಡಷ್ಟು ಈ ಮಸೂದೆಯನ್ನು ನೆನಪಿಟ್ಟುಕೊಂಡಿಲ್ಲ. ಅದರೊಳಗಿದ್ದ ಒಂದು ಅಂಶ ನೋಡಿ: ಊರವರು ಧಾನ್ಯವಾಗಿ ಕೊಡೋ ಬಲುತೆಯನ್ನು ನಗದಾಗಿ ಮಾಡಬೇಕು, ಕಂದಾಯದ ಜೊತೆ ಸರ್ಕಾರವೇ ವಸೂಲಿ ಮಾಡಬೇಕು, ಅದರಿಂದ ಸೇವೆ ಮಾಡಿದವನಿಗೆ ಕೊಡಬೇಕು. ಕೂಲಿಯ ವಸೂಲಿಗೆ ಊರ ಗೌಡನ ಮರ್ಜಿ ಬೇಡ, ಸರ್ಕಾರದ ಖಜಾನೆ ಜವಾಬ್ದಾರಿ ತಗೊಳ್ಳಲಿ ಅನ್ನೋದು ತಾತ್ಪರ್ಯ. ಒಟ್ಟಾರೆ ಅದು ಒಂದು ಪಾವತಿ ಸುಧಾರಣೆಯ ಮಸೂದೆ ಕೂಡ. ಸೆಲೆಕ್ಟ್ ಕಮಿಟಿಗೆ ಹೋಯ್ತು, ಅಲ್ಲಿ ಅದರ ಹಲ್ಲು ಕಿತ್ತರು, 1929ರಲ್ಲಿ ಬಾಬಾಸಾಹೇಬರು ವಾಪಸ್ ತಗೊಂಡರು. ನಮ್ಮಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದಿದ್ದು 1961ರಲ್ಲಿ.

ಹಾಗಾದರೆ ಸರ್ಕಾರ ಬರೀ ನಮ್ಮ ಬಾಕಿಯನ್ನಷ್ಟೇ ಉಳಿಸಿಕೊಂಡಿತಾ? ಇಲ್ಲ. ದೊಡ್ಡ ಸಾಹುಕಾರರಿಗೂ ಕೈ ಕೊಟ್ಟಿದೆ. ಈ ಕತೆಯನ್ನು ಬೇಕಂತಲೇ ಹೇಳ್ತಿದ್ದೇನೆ.

ಆಗ್ರಾದಲ್ಲಿ ಲಾಲಾ ಜೋತಿ ಪ್ರಸಾದ್ ಅಂತ ಒಬ್ಬ ದೊಡ್ಡ ಗುತ್ತಿಗೆದಾರ. 1840ರ ದಶಕದಲ್ಲಿ ಅಫ್ಘಾನ್ ಯುದ್ಧ, ಸಿಖ್ಖರ ಮೇಲಿನ ಯುದ್ಧಗಳಿಗೆ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಕ್ಕೆ ದವಸ, ದನ, ಒಂಟೆ ಒದಗಿಸಿದವನು. ಯುದ್ಧ ಮುಗಿದ ಮೇಲೆ ಲಕ್ಷಗಟ್ಟಲೆ ರೂಪಾಯಿ ಬಾಕಿ. ಆ ಕಾಲದ ಲಕ್ಷ, ಲೆಕ್ಕ ಹಾಕಿಕೊಳ್ಳಿ. ಬಾಕಿ ಕೇಳಿದ್ದಕ್ಕೆ ಕಂಪನಿ ಏನು ಮಾಡ್ತು ಗೊತ್ತಾ? ಸುಳ್ಳು ಲೆಕ್ಕ ತೋರಿಸಿದ್ದಾನೆ ಅಂತ ಅವನ ಮೇಲೇ ವಂಚನೆ ಕೇಸು ಹಾಕ್ತು. ಜಾನ್ ಲಾಂಗ್ ಅನ್ನೋ ಆಸ್ಟ್ರೇಲಿಯಾ ಮೂಲದ ವಕೀಲ 1851ರಲ್ಲಿ ಅವನ ಪರ ವಾದಿಸಿ ಗೆದ್ದ. ಈ ಲಾಂಗ್ ಮುಂದೆ ಝಾನ್ಸಿ ರಾಣಿಯ ಪರವಾಗಿಯೂ ಅರ್ಜಿ ಬರೆದುಕೊಟ್ಟವನು. ಇನ್ನೂ ಮಜಾ ಏನಂದ್ರೆ, 1857ರಲ್ಲಿ ಇಂಗ್ಲಿಷರು ಆಗ್ರಾ ಕೋಟೆಯೊಳಗೆ ಸಿಕ್ಕಿಕೊಂಡಾಗ ಅವರಿಗೆ ರೇಷನ್ ಒದಗಿಸಿದ್ದೂ ಇದೇ ಜೋತಿ ಪ್ರಸಾದ್.

ಬಾಕಿ ಕೇಳಿದವನ ಮೇಲೇ ತನಿಖೆ ಅನ್ನೋ ಆಟ ಎಷ್ಟು ಹಳೆಯದು ನೋಡಿ. ಇವತ್ತು ಕೂಡ ಬಿಲ್ಲಿಗೆ ಒತ್ತಾಯ ಮಾಡಿದರೆ "ಕ್ವಾಲಿಟಿ ಚೆಕ್ ಮಾಡಿಸ್ತೀನಿ" ಅನ್ನೋ ಮಾತು ಬರುತ್ತಲ್ಲ, ಅದರ ಮುತ್ತಜ್ಜ ಅದು. ಆದರೆ ನಾನು ಹೇಳೋಕೆ ಹೊರಟಿದ್ದು ಬೇರೆ. ಜೋತಿ ಪ್ರಸಾದ್ ವರ್ಷಗಟ್ಟಲೆ ಬಾಕಿ ಹೊತ್ತು, ಕೇಸು ನಡೆಸಿ, ವಕೀಲರಿಗೆ ಫೀಸು ಕೊಟ್ಟು, ಮತ್ತೆ ಅದೇ ಸರ್ಕಾರಕ್ಕೆ ಮಾಲು ಒದಗಿಸೋಷ್ಟು ಗಟ್ಟಿಯಾಗಿ ಉಳಿದ. ಬಾಕಿ ಅವನನ್ನು ಮುಳುಗಿಸಲಿಲ್ಲ. ಅದೇ ಬಾಕಿ ಚಿಕ್ಕವನೊಬ್ಬನ ತಲೆ ಮೇಲೆ ಬಿದ್ದಿದ್ದರೆ ಅವನ ಹೆಸರು ನಮಗೆ ಗೊತ್ತೇ ಆಗ್ತಿರಲಿಲ್ಲ.

ನಮ್ಮ ಪರಂಪರೆಯಲ್ಲೂ ಗುತ್ತಿಗೆದಾರರಿದ್ದಾರೆ. ಜೋತಿಬಾ ಫುಲೆ ಅಂದ್ರೆ ಸಾವಿತ್ರಿಬಾಯಿ ಜೊತೆ ಶಾಲೆ ತೆರೆದವರು ಅಷ್ಟೇ ಅಂತ ಬಹಳ ಜನ ತಿಳಿದಿದ್ದಾರೆ. ಅವರು ಪುಣೆಯಲ್ಲಿ ಗುತ್ತಿಗೆ ಕೆಲಸ ಮಾಡಿದವರು. 1870ರ ದಶಕದಲ್ಲಿ ಮುಳಾ-ಮುಠಾ ನದಿಯ ಅಣೆಕಟ್ಟು ಕೆಲಸಕ್ಕೆ ಸಾಮಗ್ರಿ ಒದಗಿಸಿದರು, ಕಾತ್ರಜ್ ಸುರಂಗಕ್ಕೆ ಕೂಲಿಯಾಳು ಒದಗಿಸಿದರು. 1882ರಲ್ಲಿ ಹಂಟರ್ ಕಮಿಷನ್ನಿಗೆ ಶಿಕ್ಷಣದ ಬಗ್ಗೆ ಮನವಿ ಕೊಟ್ಟಾಗ ತಮ್ಮನ್ನು ವ್ಯಾಪಾರಿ ಮತ್ತು ಬೇಸಾಯಗಾರ ಅಂತಲೇ ಕರೆದುಕೊಂಡರು. 1876ರಿಂದ 1883ರ ತನಕ ಪುಣೆ ಮುನಿಸಿಪಾಲಿಟಿಯ ಸದಸ್ಯರೂ ಆಗಿದ್ದರು. ಅಂದರೆ ಕೌಂಟರಿನ ಈಚೆಗೂ ನಿಂತವರು, ಆಚೆಗೂ ಕೂತವರು.

1873ರ 'ಗುಲಾಮಗಿರಿ'ಯಲ್ಲಿ ಮಾಮ್ಲೇದಾರ, ಕಲೆಕ್ಟರ್ ಕಚೇರಿ, ಕೋರ್ಟು ಇವುಗಳ ಜೊತೆಗೆ ಇಂಜಿನಿಯರ್ ಖಾತೆಯ ಬ್ರಾಹ್ಮಣ ನೌಕರರ ಬಗ್ಗೆಯೂ ಒಂದು ಅಧ್ಯಾಯದಲ್ಲಿ ಮಾತು ಬರುತ್ತೆ. ಗುಲಾಮಗಿರಿ ಅನ್ನೋ ಹೆಸರಿನ ಪುಸ್ತಕದಲ್ಲಿ ಇಂಜಿನಿಯರ್ ಖಾತೆ ಯಾಕೆ ಬಂತು ಅಂತ ಯೋಚನೆ ಮಾಡಿ. ಮೇಲೆ ಗೋರಾ ಸಾಹೇಬ ಸಹಿ ಹಾಕ್ತಾನೆ, ಆದರೆ ಅಳತೆ ಬರೆಯೋನು, ಕಡತ ಎತ್ತೋನು, ಇಡೋನು ಯಾರು ಅನ್ನೋದು ಫುಲೆಗೆ ಗೊತ್ತಿತ್ತು. ಅಧಿಕಾರ ಕೂತಿರೋದು ಸಹಿಯಲ್ಲಿ ಅಂತ ನಾವು ಅಂದ್ಕೊಂಡಿದ್ದೇವೆ. ಕಡತ ಓಡಾಡೋ ದಾರಿಯಲ್ಲೂ ಅದು ಕೂತಿದೆ.

ಈಗ 1942ಕ್ಕೆ ಬನ್ನಿ. ಬಾಬಾಸಾಹೇಬರು ವೈಸರಾಯ್ ಕಾರ್ಯಕಾರಿ ಮಂಡಳಿಯ ಲೇಬರ್ ಮೆಂಬರ್ ಆಗಿ ಕೆಲವೇ ತಿಂಗಳಾಗಿತ್ತು. ಅಕ್ಟೋಬರ್ 29ರಂದು ಪರಿಶಿಷ್ಟ ಜಾತಿಗಳ ಕುಂದುಕೊರತೆ ಅಂತ ಒಂದು ಮನವಿಪತ್ರ ಕೊಟ್ಟರು. ಶಾಸನಸಭೆ, ನೌಕರಿ, ವಿದ್ಯೆ ಎಲ್ಲ ಬಂದ ಮೇಲೆ ಸರ್ಕಾರಿ ಗುತ್ತಿಗೆಯ ಮಾತೂ ಬರುತ್ತೆ. ಕೇಂದ್ರ ಲೋಕೋಪಯೋಗಿ ಇಲಾಖೆಯ ಪಟ್ಟಿಯಲ್ಲಿ 1,171 ಗುತ್ತಿಗೆದಾರರಿದ್ದಾರೆ, ಅವರಲ್ಲಿ ಪರಿಶಿಷ್ಟ ಜಾತಿಯವನು ಒಬ್ಬನೇ ಒಬ್ಬ ಅಂತ ಲೆಕ್ಕ ಕೊಟ್ಟರು. ಒಬ್ಬ! ಗುತ್ತಿಗೆ ಮೀಸಲಾತಿ ನಿನ್ನೆ ಮೊನ್ನೆ ಹುಟ್ಟಿದ ಬೇಡಿಕೆ, ಓಟಿನ ಗಿಮಿಕ್ಕು ಅನ್ನೋರಿಗೆ ಈ ವರ್ಷವನ್ನು ನೆನಪಿಸಿ.

ಆಗಿನ ಕಾಲದಲ್ಲಿ ಪಟ್ಟಿಯೊಳಗೆ ಹೋದವನ ಪಾಡಾದರೂ ಏನಿತ್ತು? ಕಾನೂನು ಓದೋ ಹುಡುಗರಿಗೆ ಬಿ.ಕೆ. ಮಂಡಲ್ ಕೇಸು ಗೊತ್ತಿರುತ್ತೆ. 1944, ಬಂಗಾಳ. ಮಹಾ ಬರಗಾಲದ ಹೊತ್ತು. ಸರ್ಕಾರದ ಸಿವಿಲ್ ಸಪ್ಲೈಸ್ ಇಲಾಖೆಗೆ ದಾಸ್ತಾನು ಮಳಿಗೆ ಬೇಕಿತ್ತು. ಬಿ.ಕೆ. ಮಂಡಲ್ ಅಂಡ್ ಸನ್ಸ್ ಅನ್ನೋ ಗುತ್ತಿಗೆ ಸಂಸ್ಥೆ ಆರಾಮಬಾಗ್ ಕಡೆ ಅಧಿಕಾರಿಗಳು ಹೇಳಿದ ಹಾಗೆ ಕಚ್ಚಾ ರಸ್ತೆ, ಕಾವಲಿನವರ ಕೋಣೆ, ಆಫೀಸು, ಅಡಿಗೆಮನೆ, ದಾಸ್ತಾನು ಶೆಡ್ಡು ಎಲ್ಲ ಕಟ್ಟಿಕೊಟ್ಟಿತು. ಇಲಾಖೆ ಅದನ್ನು ಬಳಸಿಕೊಂಡಿತು. ಬಾಕಿ ಬಿಲ್ಲು 19 ಸಾವಿರ ಚಿಲ್ಲರೆ ರೂಪಾಯಿ. ಸರ್ಕಾರದ ಉತ್ತರ ಏನು ಗೊತ್ತಾ? ಕರಾರು ಕಾಯ್ದೆ ಪ್ರಕಾರ ಗವರ್ನರ್ ಹೆಸರಿನಲ್ಲಿ ಆಗಿಲ್ಲ, ಆರ್ಡರ್ ಕೊಟ್ಟ ಅಧಿಕಾರಿಗೆ ಅಧಿಕಾರವೇ ಇರಲಿಲ್ಲ, ಆದ್ದರಿಂದ ನಾವು ಕೊಡಬೇಕಾಗಿಲ್ಲ. ಕೇಸು ಸುಪ್ರೀಂ ಕೋರ್ಟಿಗೆ ಹೋಯ್ತು. 1961ರ ಡಿಸೆಂಬರಿನಲ್ಲಿ ತೀರ್ಪು: ಬೇರೆಯವನ ಕೆಲಸದ ಲಾಭ ಪಡೆದ ಮೇಲೆ ಸರ್ಕಾರವೂ ದುಡ್ಡು ಕೊಡಬೇಕು, ಕರಾರು ಕಾಯ್ದೆಯ 70ನೇ ಕಲಮು ಸರ್ಕಾರಕ್ಕೂ ಅನ್ವಯ. ಗುತ್ತಿಗೆದಾರ ಗೆದ್ದ. ಆದರೆ ನಡುವೆ ಬ್ರಿಟಿಷರು ಹೋದರು, ದೇಶ ಒಡೆಯಿತು, ಸಂವಿಧಾನ ಬಂತು, ಮೂರನೇ ಸಾರ್ವತ್ರಿಕ ಚುನಾವಣೆ ಹತ್ತಿರ ಬಂತು. 17 ವರ್ಷ.

ಆ ತೀರ್ಪು ಇವತ್ತಿಗೂ ನಮ್ಮ ಹುಡುಗರಿಗೆ ಬೇಕಾಗುತ್ತೆ, ಯಾಕಂದ್ರೆ "ಮೊದಲು ಕೆಲಸ ಶುರು ಮಾಡು, ವರ್ಕ್ ಆರ್ಡರ್ ಆಮೇಲೆ ಮಾಡಿಸೋಣ" ಅನ್ನೋ ಬಾಯಿಮಾತಿನ ಕೆಲಸ ಇನ್ನೂ ನಿಂತಿಲ್ಲ. ಶಾಸಕರು ಊರಿಗೆ ಬರ್ತಾರೆ, ಹಬ್ಬ ಇದೆ, ಬೇಗ ರಸ್ತೆ ಆಗಬೇಕು ಅಂತಾರೆ. ಮಾಡಿಬಿಡ್ತಾನೆ. ಆಮೇಲೆ ಆ ಕೆಲಸ ಯಾವ ಲೆಕ್ಕಶೀರ್ಷಿಕೆಯಲ್ಲೂ ಇರೋದಿಲ್ಲ.

ಸ್ವಾತಂತ್ರ್ಯ ಬಂದು 45 ವರ್ಷದ ಮೇಲೆ ದೆಹಲಿಗೆ ಎಚ್ಚರ ಆಯ್ತು. ಸಣ್ಣ ಕೈಗಾರಿಕೆಗಳ ಬಾಕಿ ತಡವಾದರೆ ಬಡ್ಡಿ ಕೊಡಬೇಕು ಅಂತ 1992ರ ಸೆಪ್ಟೆಂಬರಿನಲ್ಲಿ ಸುಗ್ರೀವಾಜ್ಞೆ, 1993ರಲ್ಲಿ ಕಾಯ್ದೆ. ಆಮೇಲೆ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ. ಇದನ್ನು ಓದಿದರೆ ಖುಷಿಯಾಗುತ್ತೆ. ಮಾಲು ಒಪ್ಪಿಕೊಂಡ ಮೇಲೆ ಕರಾರಿನಲ್ಲಿ ಏನೇ ಬರೆದಿರಲಿ, 45 ದಿನ ದಾಟುವಂತಿಲ್ಲ. ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ರೇಟಿನ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಬ್ಯಾಂಕ್ ರೇಟ್ ಶೇ. 6.75 ಇದ್ದರೆ ಬಡ್ಡಿ ಶೇ. 20.25. ಕೌನ್ಸಿಲ್ಲಿನಲ್ಲಿ ಸೋತ ಖರೀದಿದಾರ ಕೋರ್ಟಿಗೆ ಹೋಗಬೇಕಾದರೆ ಮೊದಲು ಶೇ. 75ರಷ್ಟು ಠೇವಣಿ ಇಡಬೇಕು. ಸರ್ಕಾರಿ ಇಲಾಖೆಗಳಿಗೂ ಇದು ಅನ್ವಯ.

ಆದರೆ ನಮ್ಮವರು ಸರ್ಕಾರಕ್ಕೆ ಏನು ಮಾಡಿಕೊಡ್ತಾರೆ ಅಂತ ಒಮ್ಮೆ ಯೋಚನೆ ಮಾಡಿ. ಒಂದು, ಚರಂಡಿ, ಸಿಸಿ ರಸ್ತೆ, ಶಾಲೆ ಕೊಠಡಿ, ಕಾಂಪೌಂಡು. ಎರಡು, ಹಾಸ್ಟೆಲ್ಲಿಗೆ ಬೇಳೆ, ಎಣ್ಣೆ, ತರಕಾರಿ, ಹಾಸಿಗೆ, ಸ್ಟೇಷನರಿ. ಮೊದಲನೆಯದು ಕಾಮಗಾರಿ ಗುತ್ತಿಗೆ, ಅದಕ್ಕೆ ಈ ಕಾಯ್ದೆ ಬರೋದಿಲ್ಲ ಅಂತ ಹಲವು ಹೈಕೋರ್ಟುಗಳು ಹೇಳಿಬಿಟ್ಟಿವೆ. ಎರಡನೆಯದು ವ್ಯಾಪಾರ. ವ್ಯಾಪಾರಿಗಳು ಉದ್ಯಮ್ ನೋಂದಣಿ ಮಾಡಿಸಬಹುದು, ಆದರೆ ಬ್ಯಾಂಕ್ ಸಾಲದ ಆದ್ಯತೆಗೆ ಮಾತ್ರ ಅಂತ 2021ರ ಜುಲೈ ಆದೇಶದಲ್ಲೇ ಇದೆ. 45 ದಿನದ ರಕ್ಷಣೆ ಇಲ್ಲ. ಫ್ಯಾಕ್ಟರಿ ಇದ್ದವನಿಗೆ ಕಾಯ್ದೆ ಇದೆ, ಗಾರೆ ಕೆಲಸದವನಿಗೂ ಬೇಳೆ ಒದಗಿಸೋನಿಗೂ ಇಲ್ಲ. ಫ್ಯಾಕ್ಟರಿ ಯಾರ ಹತ್ತಿರ ಇದೆ, ಗಾರೆ ಯಾರ ಕೈಯಲ್ಲಿದೆ ಅಂತ ನಾನು ಬಿಡಿಸಿ ಹೇಳಬೇಕಾ?

ಇನ್ನೊಂದು ತಮಾಷೆ ಇದೆ. ಸಣ್ಣ ಉದ್ಯಮಗಳಿಗೆ ಸಮಯಕ್ಕೆ ದುಡ್ಡು ಕೊಡದ ಕಂಪನಿ ಆ ಖರ್ಚನ್ನು ಆ ವರ್ಷದ ಆದಾಯ ತೆರಿಗೆಯಲ್ಲಿ ಕಳೆದುಕೊಳ್ಳುವಂತಿಲ್ಲ ಅಂತ 2023ರ ಹಣಕಾಸು ಕಾಯ್ದೆಯಲ್ಲಿ 43ಬಿ ಕಲಮಿಗೆ ಹೊಸ ಉಪಕಲಮು ಸೇರಿಸಿದರು. ಒಳ್ಳೆಯದೇ. ಖಾಸಗಿಯವರು ಬೆವರಿದರು. ಆದರೆ ಸರ್ಕಾರಿ ಇಲಾಖೆ ಆದಾಯ ತೆರಿಗೆ ಕಟ್ಟುತ್ತಾ? ಕಟ್ಟೋದಿಲ್ಲ. ಹಾಗಾಗಿ ಈ ಚಾಟಿ ಅದಕ್ಕೆ ತಾಗೋದೇ ಇಲ್ಲ.

ನಡುವೆ ಒಳ್ಳೆ ಪ್ರಯತ್ನಗಳೂ ಆದವು, ಇಲ್ಲ ಅನ್ನಲ್ಲ. 2002ರ ಜನವರಿಯಲ್ಲಿ ದಿಗ್ವಿಜಯ್ ಸಿಂಗ್ ಮುಖ್ಯಮಂತ್ರಿ ಆಗಿದ್ದಾಗ ಭೋಪಾಲ್ ಸಮಾವೇಶ ನಡೆದು ಭೋಪಾಲ್ ದಾಖಲೆ ಬಂತು. ಸರ್ಕಾರಿ ಖರೀದಿಯಲ್ಲಿ ದಲಿತರಿಗೆ, ಆದಿವಾಸಿಗಳಿಗೆ ಪಾಲು ಅನ್ನೋ ಮಾತು ದೇಶದ ಮಟ್ಟದಲ್ಲಿ ಮತ್ತೆ ಎದ್ದಿದ್ದು ಆಗಲೇ. 2012ರಲ್ಲಿ ಕೇಂದ್ರದ ಖರೀದಿ ನೀತಿಯಲ್ಲಿ ಎಸ್‌ಸಿ, ಎಸ್‌ಟಿ ಉದ್ಯಮಿಗಳಿಂದ ಶೇ. 4 ಅಂತ ಗುರಿ ಬಂತು. ವರ್ಷಗಳಾದರೂ ಖರೀದಿ ಆ ಶೇ. 4ರ ಹತ್ತಿರಕ್ಕೂ ಬರಲಿಲ್ಲ. ಅರ್ಹರು ಸಿಗ್ತಿಲ್ಲ ಅನ್ನೋದು ಅಧಿಕಾರಿಗಳ ಮಾಮೂಲಿ ಉತ್ತರ. ಸಿಕ್ಕವರು ಯಾಕೆ ಉಳಿಯಲಿಲ್ಲ ಅಂತ ಯಾರಾದರೂ ಕೇಳಿದರಾ? ಒಂದು ಬಿಲ್ಲು ನಿಂತು ನೆಲಕಚ್ಚಿದವನು ಮುಂದಿನ ವರ್ಷದ ಪಟ್ಟಿಯಲ್ಲಿ ಇರೋದಿಲ್ಲ.

ಈಗ ನಮ್ಮ ತಾಲ್ಲೂಕಿನ ಮಟ್ಟಕ್ಕೆ ಇಳಿಯೋಣ. ಬಿಲ್ಲು ಹೇಗೆ ಓಡಾಡುತ್ತೆ ಅಂತ ಗೊತ್ತಿಲ್ಲದ ಗೆಳೆಯರಿಗಾಗಿ ಹೇಳ್ತೀನಿ. ಕೆಲಸ ಮುಗೀತು. ಸೆಕ್ಷನ್ ಇಂಜಿನಿಯರ್ ಬಂದು ಅಳತೆ ಹಿಡಿದು ಎಂಬಿ ಬರೀಬೇಕು, ಅಂದರೆ ಅಳತೆ ಪುಸ್ತಕ. ಅದನ್ನು ಎಇಇ ತಾಳೆ ನೋಡಬೇಕು. ಫೋಟೊ, ಕ್ವಾಲಿಟಿ ರಿಪೋರ್ಟು ಸೇರಬೇಕು. ಇಇ ಆಫೀಸಿನಲ್ಲಿ ಅಕೌಂಟ್ಸಿನವರು ಆಕ್ಷೇಪಣೆ ಹಾಕ್ತಾರೆ, ಮತ್ತೆ ಕೆಳಗೆ ಬರುತ್ತೆ, ಮತ್ತೆ ಮೇಲೆ ಹೋಗುತ್ತೆ. ಬಿಲ್ಲು ಪಾಸಾಯ್ತು ಅಂತಿಟ್ಟುಕೊಳ್ಳಿ. ಅನುದಾನ ಬಿಡುಗಡೆ ಆಗಿಲ್ಲ. ಅನುದಾನ ಬಂತು, ಯಾರ ಬಿಲ್ಲು ಮೊದಲು? ಇಲ್ಲಿ ಜ್ಯೇಷ್ಠತೆ ಪಟ್ಟಿ ಇರಬೇಕು. ಯಾರ ಬಿಲ್ಲು ಮೊದಲು ಬಂತೋ ಅವರಿಗೆ ಮೊದಲು. ಜ್ಯೇಷ್ಠತೆ ಪ್ರಕಾರ ಕೊಡಿ ಅಂತ ಗುತ್ತಿಗೆದಾರರ ಸಂಘ ವರ್ಷಗಳಿಂದ ಕೇಳ್ತಾನೇ ಇದೆ ಅಂದ್ರೆ ಅದರ ಅರ್ಥ ಏನು, ನೀವೇ ಹೇಳಿ.

ಇಷ್ಟರಲ್ಲಿ ಒಂದು ಸೂಕ್ಷ್ಮ ಇದೆ. ಗಡಿಯಾರ ಶುರುವಾಗೋದೇ ಎಂಬಿ ಬರೆದ ಮೇಲೆ. ಹಾಗಾಗಿ ತಡ ಮಾಡಬೇಕು ಅಂದರೆ ಬಿಲ್ಲು ತಡೆಯೋ ಅಗತ್ಯವೇ ಇಲ್ಲ. ಎಂಬಿ ಬರೆಯದಿದ್ದರೆ ಸಾಕು. ದಾಖಲೆಯಲ್ಲಿ ಯಾವ ಬಾಕಿಯೂ ಇರೋದಿಲ್ಲ.

ನಮ್ಮ ಕೇರಿಯ ಒಬ್ಬ ಅಣ್ಣ ಮೀಸಲು ಟೆಂಡರಿನಲ್ಲಿ ಚರಂಡಿ ಕೆಲಸ ಹಿಡಿದ. ಕೆಲಸ ಚೆನ್ನಾಗೇ ಮಾಡಿದ, ಇವತ್ತಿಗೂ ನೀರು ಸರಾಗ ಹೋಗುತ್ತೆ. ಎಂಬಿ ಬರೆಸೋಕೆ ಅವನು ಆ ಆಫೀಸಿಗೆ ಅಲೆದಿದ್ದಕ್ಕೆ ಲೆಕ್ಕ ಇಲ್ಲ. ಅತ್ತಿಗೆಯ ಓಲೆ, ಸರ ಅಡ ಹೋಯ್ತು. ಬಿಲ್ಲು ಬಂತು, ಬರಲಿಲ್ಲ ಅಂತಲ್ಲ. ಬರೋ ಹೊತ್ತಿಗೆ ಅದು ಬಡ್ಡಿಯವನ ದುಡ್ಡಾಗಿತ್ತು.

ಲೆಕ್ಕ ಹಾಕಿ ನೋಡಿ. 20 ಲಕ್ಷದ ಕೆಲಸ, ಲಾಭ ನೂರಕ್ಕೆ ಹತ್ತು, ಅಂದರೆ 2 ಲಕ್ಷ ಅಂತ ಇಟ್ಟುಕೊಳ್ಳಿ. ಸಿಮೆಂಟು, ಕಬ್ಬಿಣ, ಜಲ್ಲಿ, ಕೂಲಿಗೆ 15 ಲಕ್ಷ ಸಾಲ, ತಿಂಗಳಿಗೆ ನೂರಕ್ಕೆ ಮೂರರ ಕೈಬಡ್ಡಿ. ತಿಂಗಳಿಗೆ 45 ಸಾವಿರ. ಐದನೇ ತಿಂಗಳಿಗೆ ಲಾಭ ಖಲಾಸ್. ಆರನೇ ತಿಂಗಳಿಂದ ಅವನು ಸರ್ಕಾರಕ್ಕೆ ಚರಂಡಿ ಕಟ್ಟಿಕೊಟ್ಟಿದ್ದಕ್ಕೆ ತಾನೇ ದುಡ್ಡು ಕೊಡ್ತಿದ್ದಾನೆ. ಇದಕ್ಕೆ ಬಿಟ್ಟಿ ಅಂತಲೇ ಹೆಸರು. ಜಮೀನು ಇದ್ದವನು, ಕ್ರಷರ್ ಇದ್ದವನು, ಸಹಕಾರಿ ಬ್ಯಾಂಕಿನಲ್ಲಿ ಭಾವಮೈದ ಡೈರೆಕ್ಟರ್ ಆಗಿರೋನು ಇದೇ ಸಾಲವನ್ನು ವರ್ಷಕ್ಕೆ ನೂರಕ್ಕೆ ಹತ್ತೋ ಹನ್ನೆರಡೋ ಬಡ್ಡಿಗೆ ತರ್ತಾನೆ. ಅವನಿಗೆ ಜಲ್ಲಿ ಸಾಲಕ್ಕೆ ಸಿಗುತ್ತೆ. ಅವನು ಒಂದೂವರೆ ವರ್ಷ ಕಾದರೂ ಉಳಿಯುತ್ತೆ. ಕೆಲಸ ಅದೇ, ರೇಟು ಅದೇ, ತಡವೂ ಅದೇ. ಒಬ್ಬ ಕಾರು ಬದಲಾಯಿಸ್ತಾನೆ, ಇನ್ನೊಬ್ಬ ಊರು ಬಿಡ್ತಾನೆ.

ಮೇಲಿಂದ ಜಿಎಸ್‌ಟಿ. ಇನ್‌ವಾಯ್ಸ್ ಎತ್ತಿದರೆ ಮರು ತಿಂಗಳು 20ನೇ ತಾರೀಖಿಗೆ ತೆರಿಗೆ ಕಟ್ಟಬೇಕು. ದುಡ್ಡು ಬಂದಿರಲಿ ಬಿಡಲಿ. ತನಗೆ ಬಾಕಿ ಇಟ್ಟುಕೊಂಡ ಸರ್ಕಾರಕ್ಕೇ ಮುಂಗಡ ತೆರಿಗೆ ಕಟ್ಟೋ ಭಾಗ್ಯ.

ಇದರಿಂದಲೇ ಲೈಸೆನ್ಸ್ ಬಾಡಿಗೆಗೆ ಕೊಡೋ ದಂಧೆ ಹುಟ್ಟಿದ್ದು. ಕಾಗದದಲ್ಲಿ ನಮ್ಮ ಹುಡುಗ, ಕೆಲಸ ಮಾಡೋನು, ದುಡ್ಡು ಹಾಕೋನು, ಲಾಭ ತಗೊಳ್ಳೋನು ಬೇರೆ. ಹುಡುಗನಿಗೆ ಏನೋ ಒಂದಿಷ್ಟು ಪರ್ಸೆಂಟು. ನಮ್ಮ ವೇದಿಕೆಗಳಲ್ಲಿ ಇಂಥ ಹುಡುಗರನ್ನು ಸಮಾಜದ್ರೋಹಿ ಅಂತ ಬೈಯೋದನ್ನು ಕೇಳಿದ್ದೇನೆ. ನಾನು ಒಪ್ಪೋದಿಲ್ಲ. ಅವನು ಕಾಯೋಕೆ ಆಗದವನು, ಕಾಯೋ ತಾಕತ್ತಿರೋನಿಗೆ ತನ್ನ ಮೀಸಲಾತಿ ಮಾರಿದ್ದಾನೆ. ಬಿಲ್ಲು ತಾರೀಖಿಗೆ ಸರಿಯಾಗಿ ಬರೋ ಹಾಗಿದ್ದರೆ ಈ ಹುಡುಗರಲ್ಲಿ ಎಷ್ಟೋ ಜನ ಲೈಸೆನ್ಸ್ ಮಾರ್ತಿರಲಿಲ್ಲ.

ಕಮಿಷನ್ನಿನ ಮಾತಿಗೂ ಇದೇ ಬೇರು. 2021ರ ಜುಲೈನಲ್ಲಿ ರಾಜ್ಯ ಗುತ್ತಿಗೆದಾರರ ಸಂಘ ಪ್ರಧಾನಿಗೆ ಪತ್ರ ಬರೆದು 40 ಪರ್ಸೆಂಟ್ ಆರೋಪ ಮಾಡಿದ್ದು ಎಲ್ಲರಿಗೂ ನೆನಪಿದೆ, ಚುನಾವಣೆಯೇ ಅದರ ಮೇಲೆ ನಡೀತು. ಹೊಸ ಸರ್ಕಾರ ನ್ಯಾಯಮೂರ್ತಿ ನಾಗಮೋಹನ್ ದಾಸ್ ಆಯೋಗ ಮಾಡಿತು, 2025ರಲ್ಲಿ ವರದಿ ಬಂತು. ಆದರೆ ಕಮಿಷನ್ ಕೇಳೋಕೆ ಸಾಧ್ಯವಾಗೋದು ಯಾಕೆ ಅಂತ ನೋಡಿ. ಬಿಲ್ಲಿಗೆ ತಾರೀಖು ಇಲ್ಲ. ತಾರೀಖು ಇಲ್ಲದ ಕಡೆ ಸರದಿ ಮಾರಾಟಕ್ಕಿರುತ್ತೆ. ಕೊಂಡುಕೊಳ್ಳೋಕೆ ಆಗದವನು ಸಾಲಿನ ಕೊನೆಗೆ ಹೋಗ್ತಾನೆ.

ಬಾಕಿ 30 ಸಾವಿರ ಕೋಟಿ ದಾಟಿದೆ ಅಂತ ಸಂಘದವರು ಈಗಲೂ ಹೇಳ್ತಿದ್ದಾರೆ. ಇದಕ್ಕೆ ಗ್ಯಾರಂಟಿ ಯೋಜನೆಗಳೇ ಕಾರಣ, ಹೆಣ್ಣುಮಕ್ಕಳಿಗೆ 2 ಸಾವಿರ ಕೊಟ್ಟಿದ್ದಕ್ಕೆ ಗುತ್ತಿಗೆದಾರರಿಗೆ ಇಲ್ಲ ಅನ್ನೋ ವಾದ ಜೋರಾಗಿದೆ. ನಮ್ಮವರೂ ಕೆಲವರು ಇದನ್ನು ಫಾರ್ವರ್ಡ್ ಮಾಡ್ತಿದ್ದಾರೆ. ಸ್ವಾಮಿ, 2021ರಲ್ಲಿ ಯಾವ ಗೃಹಲಕ್ಷ್ಮಿ ಇತ್ತು? ಆಗಲೂ ಬಿಲ್ಲು ನಿಂತಿತ್ತು. ಬಜೆಟ್ಟಿನಲ್ಲಿ ಇರೋದಕ್ಕಿಂತ ಜಾಸ್ತಿ ಕೆಲಸಕ್ಕೆ ಟೆಂಡರ್ ಕರೆಯೋದು ಎಲ್ಲ ಪಕ್ಷದ ಸರ್ಕಾರಗಳ ಹಳೇ ಚಾಳಿ. ಶಂಕುಸ್ಥಾಪನೆಯ ಕಲ್ಲಿಗೆ ಖರ್ಚು ಕಮ್ಮಿ, ಹೆಸರು ಜಾಸ್ತಿ.

ಇಲ್ಲಿ ನಾವು ನಮ್ಮ ಗುತ್ತಿಗೆದಾರರ ಪರ ಮಾತ್ರ ನಿಂತರೆ ಸಾಲದು. ಈ ಸಾಲಿನ ಕಟ್ಟಕಡೆಯಲ್ಲಿ ಗುತ್ತಿಗೆದಾರ ಇಲ್ಲ, ಕೂಲಿಯವರಿದ್ದಾರೆ. ಬೆಂಗಳೂರಿನ ಪೌರಕಾರ್ಮಿಕರನ್ನು ಕೇಳಿ. ಗುತ್ತಿಗೆ ಪದ್ಧತಿ ಇದ್ದಷ್ಟು ವರ್ಷ ಅವರು ಕೇಳಿದ ಉತ್ತರ ಒಂದೇ: "ಪಾಲಿಕೆಯಿಂದ ಬಿಲ್ಲು ಬಂದಿಲ್ಲಮ್ಮ." ಕೂಲಿ ಪಾವತಿಯ 1936ರ ಕಾಯ್ದೆ ಪ್ರಕಾರ ಸಂಬಳ ತಿಂಗಳು ಮುಗಿದ 7ನೇ ದಿನದೊಳಗೆ, ದೊಡ್ಡ ಸಂಸ್ಥೆಯಾದರೆ 10ನೇ ದಿನದೊಳಗೆ ಬರಬೇಕಿತ್ತು. ಗುತ್ತಿಗೆದಾರ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕು ಅಂತ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಹೇಳಿತ್ತು. ಇಲ್ಲಿ ಮೂಲ ಮಾಲೀಕ ಯಾರು? ಬಿಲ್ಲು ತಡೆದವನೇ. 2018ರಲ್ಲಿ ಪಾಲಿಕೆಯೇ ನೇರವಾಗಿ ಸಂಬಳ ಕೊಡೋ ವ್ಯವಸ್ಥೆಗೆ ಬದಲಾಗೋ ಹೊತ್ತಿನಲ್ಲಿ, ತಿಂಗಳುಗಟ್ಟಲೆ ಸಂಬಳ ಕಾಣದೆ ಒಬ್ಬ ಪೌರಕಾರ್ಮಿಕ ಜುಲೈನಲ್ಲಿ ಜೀವ ಕಳೆದುಕೊಂಡರು. ಬೀದಿ ಗುಡಿಸೋ ಕೆಲಸ ಮಾತ್ರ ಒಂದು ದಿನವೂ ತಡ ಆಗಿರಲಿಲ್ಲ. ಅದೇ ವತನದಾರನ ಲೆಕ್ಕ ತಾನೇ ಇದು? ಕೆಲಸ ಸರ್ಕಾರಕ್ಕೆ, ಕೂಲಿಗೆ ಇನ್ನೊಬ್ಬನ ಬಾಗಿಲು.

ನಮ್ಮ ದಲಿತ ಗುತ್ತಿಗೆದಾರರೂ ಬಿಲ್ಲು ಬಂದಿಲ್ಲ ಅಂತ ಗಾರೆಯವರ ಕೂಲಿ ತಡೆದಿದ್ದು ನನಗೆ ಗೊತ್ತು. ಅವರ ಮುಖ ನೋಡಿಕೊಂಡೇ ಇದನ್ನು ಬರೀತಿದ್ದೇನೆ. ಕೂಲಿ ಮೊದಲು.

ಆಗೋದಿಲ್ಲ ಅನ್ನೋರಿಗೆ ಒಂದು ಮಾತು. ತಡಕ್ಕೆ ಬೆಲೆ ಕಟ್ಟೋದು ಸರ್ಕಾರಕ್ಕೆ ಬರುತ್ತೆ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ 30 ದಿನ ಅಂತ ಇದೆ, ಮೀರಿದರೆ ಅಧಿಕಾರಿಯ ಜೇಬಿನಿಂದ ದಿನಕ್ಕೆ 250 ರೂಪಾಯಿ, ಗರಿಷ್ಠ 25 ಸಾವಿರ. ನಮ್ಮದೇ ರಾಜ್ಯದ 2011ರ ಸಕಾಲ ಕಾಯ್ದೆಯಲ್ಲಿ ಜಾತಿ ಪ್ರಮಾಣಪತ್ರ ತಡವಾದರೆ ದಿನಕ್ಕೆ 20 ರೂಪಾಯಿ, 500ರ ತನಕ. ಜಾತಿ ಪ್ರಮಾಣಪತ್ರಕ್ಕೆ ಕಾಲಮಿತಿ ಇದೆ. ಆ ಪ್ರಮಾಣಪತ್ರ ತೋರಿಸಿ ಹಿಡಿದ ಟೆಂಡರಿನ ಬಿಲ್ಲಿಗೂ ಇರಲಿ, ತಡ ಮಾಡಿದ ಅಧಿಕಾರಿಯ ಜೇಬಿಗೂ ಕೈ ಬೀಳಲಿ. ಮೀಸಲು ಕಾಮಗಾರಿಗಳ ದುಡ್ಡು ಟೆಂಡರ್ ಕರೆಯೋ ಮುಂಚೆಯೇ ಬೇರೆ ಖಾತೆಯಲ್ಲಿ ಇರಲಿ. ಜ್ಯೇಷ್ಠತೆ ಪಟ್ಟಿಯನ್ನು ಪ್ರತಿ ವಿಭಾಗದ ಕಚೇರಿಯ ಗೋಡೆ ಮೇಲೆ ಅಂಟಿಸಲಿ, ವೆಬ್‌ಸೈಟಿನಲ್ಲಿ ಹಾಕಲಿ.

ಅಲ್ಲಿಯ ತನಕ ನಾವು ಮಾಡಬಹುದಾದ ಕೆಲಸ ಒಂದಿದೆ. ನಿಮ್ಮ ತಾಲ್ಲೂಕಿನ ಪಿಡಬ್ಲ್ಯುಡಿ, ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗ, ಸಣ್ಣ ನೀರಾವರಿ, ಪುರಸಭೆ, ಯಾವುದಾದರೂ ಒಂದು ಕಚೇರಿಗೆ 10 ರೂಪಾಯಿ ಕಟ್ಟಿ ಆರ್‌ಟಿಐ ಹಾಕಿ. ಕಳೆದ ಮೂರು ವರ್ಷದ ಕಾಮಗಾರಿಗಳಲ್ಲಿ ಮೀಸಲು ಯಾವುದು, ಸಾಮಾನ್ಯ ಯಾವುದು ಅಂತ ಬೇರೆ ಮಾಡಿ, ಪ್ರತಿಯೊಂದಕ್ಕೂ ನಾಲ್ಕು ತಾರೀಖು ಕೇಳಿ: ಕೆಲಸ ಮುಗಿದದ್ದು, ಎಂಬಿ ಬರೆದದ್ದು, ಬಿಲ್ಲು ಪಾಸಾದದ್ದು, ಖಾತೆಗೆ ದುಡ್ಡು ಬಿದ್ದದ್ದು. ಬೇರೇನೂ ಬೇಡ, ಆರೋಪ ಬೇಡ, ಹೆಸರು ಬೇಡ. ಉತ್ತರ ಬಂದವರು ಗುತ್ತಿಗೆದಾರರ ಹೆಸರು ಮುಚ್ಚಿ ಫೋಟೊ ತೆಗೆದು ನನಗೆ ಇನ್‌ಬಾಕ್ಸ್ ಮಾಡಿ. ಒಂದು ಶೀಟಿನಲ್ಲಿ ಎಲ್ಲ ಸೇರಿಸೋ ಕೆಲಸ ನನ್ನದು. ನಮ್ಮ ತಾಲ್ಲೂಕಿನ ಅರ್ಜಿ ಸೋಮವಾರ ಕೊಡ್ತಿದ್ದೇನೆ.